ಮಾಸಿನ ಗುಡ್ಡದ ತಿರುಕವ್ವ

ನಮ್ಮಜ್ಜಿಯ ಅಜ್ಜಿಯೂ ತೊಟ್ಟಿಲಿಗೆ ಬರುವ ಮೊದಲಿನ ಮಾತಂತೆ ಇದು. ಒಂದು ಗುಡ್ಡ, ಗುಡ್ಡದ ಬುಡದಲ್ಲಿ ಒಂದು ಊರು. ಊರಿನ ಹೆಸರು ಮಾತ್ರ ಕೇಳಬೇಡಿ. ಸುತ್ತಲಿನ ಊರವರೆಲ್ಲ ಅದು ನಮ್ಮದೇ ಅಂತ ಜಗಳಕ್ಕೆ ಬರುತ್ತಾರೆ, ನನಗೆ ಆ ಉಸಾಬರಿ ಬೇಡ. ಆ ಊರಲ್ಲಿ ತಿರುಕವ್ವ ಅಂತ ಒಬ್ಬಳು ಸೂಲಗಿತ್ತಿ ಇದ್ದಳಂತೆ. ಅವಳಿಗಿಂತ ಮುಂಚೆ ಹುಟ್ಟಿದ ಕೂಸುಗಳೆಲ್ಲ ಕೈಗೆ ಹತ್ತದೆ ಹೋಗಿದ್ದವು. ಇವಳಾದರೂ ಉಳಿಯಲಿ ಅಂತ ಹೆತ್ತವರು ತಿರುಪೆ ಎತ್ತಿ ಆ ಹೆಸರಿಟ್ಟರಂತೆ. ಉಳಿದಳು. ಬೇರೆ ಊರಲ್ಲಿ ಹುಟ್ಟಿ, ಈ ಊರಿಗೆ ಸೊಸೆಯಾಗಿ ಬಂದು, ಊರಿನ ಅರ್ಧ ಜನವನ್ನು ತಾನೇ ಹಿಡಿದೆತ್ತಿದಳು. ಅವಳು ಬಸುರಿಯ ಹೊಟ್ಟೆ ಸವರಿದರೆ ಅಡ್ಡ ಇದ್ದ ಕೂಸು ತಿರುಗಿ ತಲೆ ಕೊಡುತ್ತಿತ್ತಂತೆ. ಇದನ್ನು ನಾನು ನಂಬುತ್ತೇನೆ. ಅವಳು ಬೈದರೆ ಮಳೆ ನಿಲ್ಲುತ್ತಿತ್ತು ಅಂತಲೂ ಹೇಳುತ್ತಾರೆ. ಅದು ಸುಳ್ಳು. ಹಾಗೆ ನಿಲ್ಲುವುದಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆ ಊರಿನವರ ಕಸುಬು ಲಾವಂಚ. ಗುಡ್ಡದ ಮೈಮೇಲೆ ಆಳೆತ್ತರ ಲಾವಂಚದ ಹುಲ್ಲು ಬೆಳೆದಿತ್ತು. ಹುಲ್ಲನ್ನು ಯಾರೂ ಕೇಳುತ್ತಿರಲಿಲ್ಲ, ಗಿರಾಕಿ ಇದ್ದದ್ದು ಬೇರಿಗೆ. ಬುಡಸಮೇತ ಅಗೆಯುವುದು, ಬೇರು ತೊಳೆದು ಒಣಗಿಸುವುದು, ಬೀಸಣಿಗೆ ಹೆಣೆಯುವುದು, ಬೇಸಿಗೆಗೆ ಬಾಗಿಲಿಗೆ ಕಟ್ಟುವ ತಡಿಕೆ ಹೆಣೆಯುವುದು, ಸಂತೆಗೆ ಹೊರುವುದು. ಲಾವಂಚದ ಬೇರು ಅಕ್ಕಪಕ್ಕ ಹರಡುವ ಜಾತಿಯದಲ್ಲ, ನೆಟ್ಟಗೆ ಪಾತಾಳಕ್ಕೆ ಇಳಿಯುವಂಥದ್ದು. ಹಳ್ಳದ ದಂಡೆಯಲ್ಲೂ ಲಾವಂಚ ಇತ್ತು. ಆದರೆ ಇಳಿಜಾರಿನದಕ್ಕೇ ಘಮ ಹೆಚ್ಚು ಅಂತ ಆ ಜನಕ್ಕೆ ಒಂದು ಹಟ. ಹಾಗಾಗಿ ಗುಡ್ಡವನ್ನೇ ಅಗೆದರು. ಗುಡ್ಡದ ಮೈ ವರ್ಷದಿಂದ ವರ್ಷಕ್ಕೆ ಬೋಳಾಗುತ್ತಾ ಬಂತು. ಅದರ ಕೆಳಗೇ ಕೆಳಗೇರಿ, ಮಣ್ಣಿನ ಮನೆಗಳ ಸಾಲು.

ಒಂದು ಮುಂಗಾರಿನಲ್ಲಿ ಗುಡ್ಡದ ಒಂದು ಮಗ್ಗುಲು ಜಾರಿತಂತೆ. ಜಾರಿದ್ದು ಒಂದು ಮನೆಯ ಮೇಲೆ. ಒಳಗೆ ಹಸಿ ಬಾಣಂತಿ, ಪಕ್ಕದಲ್ಲಿ ಕೂಸು. ತಿರುಕವ್ವ ಆ ಕೂಸಿಗೆ ನೀರು ಹಾಕಲು ಹೋಗುವಷ್ಟರಲ್ಲಿ ಮನೆಯೇ ಇರಲಿಲ್ಲ. ಮಣ್ಣು ಬಗೆದು ತಾಯಿ ಕೂಸು ಇಬ್ಬರನ್ನೂ ಎತ್ತಿದವಳು ಅವಳೇ ಅಂತೆ. ಮೊದಲು ಎತ್ತಿದ್ದೂ ಈ ಕೈಯೇ, ಕೊನೆಗೆ ಎತ್ತಿದ್ದೂ ಈ ಕೈಯೇ ಅಂತ ಅತ್ತಳಂತೆ.

ಈಗ ಊರಿನವರ ಬುದ್ಧಿ ಕೇಳಿ. ಗುಡ್ಡದಮ್ಮ ಮುನಿದಿದ್ದಾಳೆ, ಅದಕ್ಕೇ ಗುಡ್ಡ ಜಾರಿತು ಅಂದರು. ಮುನಿಸು ಇಳಿಸಲು ಏನು ಮಾಡೋಣ? ಅಮ್ಮನಿಗೆ ತಂಪಾಗಲಿ, ಲಾವಂಚದ ಬೇರಿನಲ್ಲೇ ಚಪ್ಪರ ಹಾಕಿಸೋಣ, ವರ್ಷಾ ವರ್ಷಾ ಹೊಸದು ಹಾಕಿಸೋಣ ಅಂತ ಹರಕೆ ಹೊತ್ತರು. ಚಪ್ಪರಕ್ಕೆ ಬೇರು ಎಲ್ಲಿಂದ ಬರಬೇಕು? ಅದೇ ಗುಡ್ಡದಿಂದ. ಸಂತೆಗೆ ಅಗೆಯುತ್ತಿದ್ದವರು ಈಗ ದೇವರಿಗೂ ಸೇರಿಸಿ ಅಗೆದರು.

ತಿರುಕವ್ವನಿಗೆ ಮಾತ್ರ ವಿಷಯ ಗೊತ್ತಿತ್ತು. ಗೊತ್ತಾದದ್ದು ಅವಳ ಕಸುಬಿನಿಂದಲೇ. ಕೂಸಿನ ಹಿಂದೆ ಬೀಳುವ ಮಾಸನ್ನು ಮಡಕೆಯಲ್ಲಿಟ್ಟು ಗುಂಡಿ ತೆಗೆದು ಹೂಳುವುದು ಸೂಲಗಿತ್ತಿಯ ಕೆಲಸ. ಬೋಳು ನೆಲದಲ್ಲಿ ಗುಂಡಿ ತೋಡಿದರೆ ಅಂಚು ಕುಸಿದು ಕುಸಿದು ಬೀಳುತ್ತಿತ್ತು. ಬಚ್ಚಲ ನೀರಿಗೆ ಅಲ್ಲಲ್ಲಿ ಎದ್ದ ಲಾವಂಚದ ಬುಡದ ಪಕ್ಕ ತೋಡಿದರೆ ಗುದ್ದಲಿಯೇ ಎಗರುತ್ತಿತ್ತು, ತೋಡಿದ ಗುಂಡಿಯ ಅಂಚು ಗೋಡೆ ಹಾಗೆ ನಿಲ್ಲುತ್ತಿತ್ತು. ಅವಳು ಪಂಚಾಯ್ತಿ ಕಟ್ಟೆಗೆ ಹೋಗಿ, "ಮಣ್ಣು ತಾನಾಗೇ ನಿಂತಿಲ್ಲ ಕಣ್ರಪ್ಪಾ, ಬೇರು ಹಿಡ್ಕೊಂಡೈತೆ. ನೀವು ಹಿಡ್ಕೊಂಡಿರೋ ಕೈನೇ ಕೀಳ್ತಾ ಇದ್ದೀರಿ" ಅಂದಳಂತೆ. ಅಂಕೇಗೌಡ ಅಂತ ಊರ ಗೌಡ, ಹೆರಿಗೆ ನಿನ್ನದು, ಗುಡ್ಡ ನಮ್ಮದು ಅಂದನಂತೆ. ಎಲ್ಲರೂ ನಕ್ಕರು. ಅವಳು ಸೆರಗು ಬಿಗಿದುಕೊಂಡು ಮನೆಗೆ ಹೋದಳು.

ಹೆರಿಗೆ ನನ್ನದು ತಾನೆ, ಇರಲಿ ಅಂದುಕೊಂಡಳೋ ಏನೋ. ಅಲ್ಲಿಯವರೆಗೆ ಮಾಸನ್ನು ಬಚ್ಚಲ ಹಿಂದೆ ಹೂಳುವ ರೂಢಿ ಇತ್ತು. ಅವಳು ಮುಂದಿನ ಹೆರಿಗೆಯಿಂದ ಅದನ್ನು ಗುಡ್ಡಕ್ಕೆ ಒಯ್ದಳು. ಹೂತು, ಮೇಲೊಂದು ಲಾವಂಚದ ಬುಡ ನೆಟ್ಟಳು. ಇನ್ನೊಂದು ಕೂಸು, ಇನ್ನೊಂದು ಮಾಸು, ಅದರ ಪಕ್ಕಕ್ಕೇ ಇನ್ನೊಂದು ಬುಡ. ಇಳಿಜಾರಿಗೆ ಅಡ್ಡಲಾಗಿ ಸಾಲು ಹಿಡಿದಳು. ಹೆರಿಗೆ ಮನೆಯಲ್ಲಿ ಸೂಲಗಿತ್ತಿಯ ಮಾತಿಗೆ ಎದುರುಂಟೇ? ಮಗುವಿನ ಮಾಸು ಹೂತ ಜಾಗಕ್ಕೆ ಗುದ್ದಲಿ ಹಾಕಿದರೆ ಮಗುವಿಗೆ ಆಗಿಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ದೇವರ ಚಪ್ಪರಕ್ಕೆ ಅಗೆಯಲು ಹೋದವರೂ ಆ ಸಾಲು ಕಂಡರೆ ಪಕ್ಕಕ್ಕೆ ಸರಿಯುತ್ತಿದ್ದರಂತೆ. ಊರಲ್ಲಿ ಹೆರಿಗೆಗೇನು ಬರವೇ? ಸಾಲು ಬೆಳೆಯಿತು, ಒಂದು ಮುಗಿದು ಅದರ ಕೆಳಗೆ ಇನ್ನೊಂದು ಶುರುವಾಯಿತು. ಮೇಲಿಂದ ಕೊಚ್ಚಿ ಬಂದ ಮಣ್ಣು ಸಾಲಿನ ಹಿಂದೆ ನಿಂತು ಮೆಟ್ಟಿಲು ಮೆಟ್ಟಿಲಾಯಿತು.

ಉಳಿದದ್ದು ಕೆಳಗೇರಿಯ ನೆತ್ತಿಯ ಮೇಲಿನ ಒಂದು ಪಟ್ಟೆ. ಅದು ಅಂಕೇಗೌಡನದು. ಅಲ್ಲಿ ಬೇರೆಯವರ ಮಾಸು ಹೂಳಕೂಡದು ಅಂತ ಅವನ ಕಟ್ಟಪ್ಪಣೆ. ಅವನ ಮನೆ ಇದ್ದದ್ದು ಆಚೆ ದಿಬ್ಬದ ಮೇಲೆ. ಗುಡ್ಡ ಜಾರಿದರೆ ಅವನಿಗೆ ಧೂಳೂ ತಾಕುವುದಿಲ್ಲ.

ಅವನ ಸೊಸೆಗೆ ಎಷ್ಟೋ ವರ್ಷದ ಮೇಲೆ ಬಸುರು ನಿಂತಿತು. ನೋವು ಬಂತು, ಕೂಸು ಬರಲಿಲ್ಲ. ಗೌಡ ತಾನೇ ಹೋಗಿ ತಿರುಕವ್ವನ ಬಾಗಿಲಲ್ಲಿ ನಿಂತನಂತೆ. ಅವಳು ಅಲ್ಲೇ ಪಟ್ಟೆಯ ಮಾತು ಎತ್ತಿ ಚೌಕಾಸಿ ಮಾಡಿದಳು ಅಂತ ಕೆಲವರು ಹೇಳುತ್ತಾರೆ. ನಾನು ಸುತಾರಾಂ ಒಪ್ಪುವುದಿಲ್ಲ. ನೋವು ತಿನ್ನುವ ಹೆಣ್ಣನ್ನು ಮುಂದಿಟ್ಟುಕೊಂಡು ಮಾತಾಡುವವಳಲ್ಲ ಅವಳು. ಓಡಿದಳು, ಹೊಟ್ಟೆ ಸವರಿದಳು, ಗಂಡು ಕೂಸನ್ನು ಎತ್ತಿ ಅಜ್ಜನ ಕೈಗಿಟ್ಟಳು. ಆಮೇಲೆ ಮಾಸಿನ ಮಡಕೆ ಎತ್ತಿಕೊಂಡು ಹೊಸಿಲು ದಾಟಿ, ಯಾರನ್ನೂ ಕೇಳದೆ ನೇರ ಗುಡ್ಡಕ್ಕೆ ನಡೆದಳು. ಗೌಡ ಹಿಂದೆಯೇ ಬಂದ. ಹೊಸಿಲು ದಾಟಿದ ಮಾಸನ್ನು ತಿರುಗಿ ಮನೆಗೆ ತರುವ ಹಾಗಿಲ್ಲ. ಅವಳು ಅವನ ಪಟ್ಟೆಯ ನಡುಮಧ್ಯೆ ನಿಂತು ಗುದ್ದಲಿ ಅವನ ಕೈಗೆ ಕೊಟ್ಟಳು.

"ನಿನ್ನ ಕುಡೀದು ಗೌಡ. ನೀನೇ ತೋಡು."

ತೋಡಿದ. ಸುತ್ತ ಅಗೆಯದೆ ಎಷ್ಟು ಜಾಗ ಬಿಡಬೇಕು ಅಂತ ಕೇಳಿದ. ಕೂಸು ಕೈಕಾಲು ಚಾಚುವಷ್ಟು ಬಿಟ್ಟರೆ ಸಾಕು ಅಂದಳು. ಗೌಡನಿಗೆ ಸಮಾಧಾನವಾಯಿತು. ಬುಡ ನೆಟ್ಟು ಕೈ ತೊಳೆಯುವಾಗ, "ಬೆಳೆದು ಆಳಾದ್ಮ್ಯಾಲೆ ಎಲ್ಲೀಗಂಟ ಚಾಚ್ತಾನೋ, ಅದು ನಂಗೊತ್ತಿಲ್ಲಪ್ಪ" ಅಂದಳಂತೆ. ಗೌಡ ಮೊಮ್ಮಗನನ್ನು ನೆನೆದ, ಪಟ್ಟೆಯನ್ನು ನೋಡಿದ. ಮಾರನೆಯ ದಿನ ಆಳುಗಳನ್ನು ಕರೆಸಿ ಇಡೀ ಪಟ್ಟೆಗೆ ತಾನೇ ಮುಂದೆ ನಿಂತು ಲಾವಂಚ ನೆಡಿಸಿದ. ದೇವರ ಚಪ್ಪರಕ್ಕೆ ಹಳ್ಳದ ದಂಡೆಯ ಬೇರೇ ಸಾಕು ಅಂತ ಊರಿಗೆ ಸಾರಿಸಿದ. ಗುಡ್ಡದಮ್ಮ ಏನೂ ತಕರಾರು ಮಾಡಲಿಲ್ಲ.

ಆ ಹುಡುಗ ದನ ಕಾಯುವಷ್ಟು ದೊಡ್ಡವನಾದಾಗ ಒಂದು ಜಡಿಮಳೆ ಹಿಡಿಯಿತಂತೆ. ಎದುರು ಗುಡ್ಡ ಜಾರಿ ಹಳ್ಳಕ್ಕೆ ಬಿತ್ತು. ಕೆಳಗೇರಿಯವರು ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದರು. ತಿರುಕವ್ವ ಮುದುಕಿಯಾಗಿದ್ದಳು, ಕೋಲೂರಿಕೊಂಡು ಗುಡ್ಡ ಹತ್ತಿದಳು. ಮೊದಲ ಸಾಲಿನ ಬುಡವೊಂದನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಅಲುಗಲಿಲ್ಲ. "ಹಿಡ್ಕೊಂಡೈತೆ, ಹೋಗಿ ಮಲಗ್ರಪ್ಪಾ" ಅಂತ ಮೇಲಿನಿಂದಲೇ ಕೂಗಿದಳಂತೆ. ಕೆಳಗೇರಿಯ ಒಂದು ಹಂಚಿನ ಮೇಲೂ ಮಣ್ಣು ಬೀಳಲಿಲ್ಲ.

ಅವಳು ಸತ್ತಾಗ ಒಂದು ಮಾತು ಎದ್ದಿತು. ಊರಿನ ಎಲ್ಲರ ಬುಡವೂ ಗುಡ್ಡದ ಮೇಲಿದೆ, ಅವಳದೇ ಇಲ್ಲ. ಅವಳ ಮಾಸು ಯಾವ ಊರಿನ ಯಾವ ಬಚ್ಚಲ ಹಿಂದೆಯೋ. ಅಂಕೇಗೌಡನ ಮೊಮ್ಮಗ ತನ್ನ ಬುಡದಿಂದ ಒಂದು ಮರಿಬುಡ ಸೀಳಿ ತಂದು ಅವಳನ್ನು ಮಣ್ಣು ಮಾಡಿದ ಜಾಗದಲ್ಲಿ ನೆಟ್ಟನಂತೆ. ಅದನ್ನು ನೋಡಿ ಎಲ್ಲರೂ ತಂದರು. ಈಗ ಅಲ್ಲಿ ಒಳಕ್ಕೆ ಕಾಲಿಡಲು ಜಾಗವಿಲ್ಲ.

ಈಗಲೂ ಅಲ್ಲಿ ಕೂಸು ಹುಟ್ಟಿದರೆ ಅಪ್ಪನಾದವನು ಗುಡ್ಡಕ್ಕೆ ಹೋಗಿ ಬುಡ ನೆಡುತ್ತಾನೆ. ಮುಂಗಾರಿನ ಮೊದಲ ಮಳೆ ಬಿದ್ದ ಬೆಳಿಗ್ಗೆ ಎಲ್ಲರೂ ಹತ್ತಿ ಅವರವರ ಬುಡ ಹಿಡಿದು ಒಮ್ಮೆ ಜಗ್ಗುತ್ತಾರೆ. ಆಮೇಲೆ ಕೆಳಗೇರಿಯ ಕಡೆ ತಿರುಗಿ, "ಅವ್ವ ಹಿಡ್ಕೊಂಡವ್ಳೆ" ಅಂತ ಕೂಗಿ ಇಳಿದು ಬರುತ್ತಾರೆ. ಅಷ್ಟು ಕೂಗು ಕೇಳಿಸದೆ ಕೆಳಗೇರಿಯಲ್ಲಿ ಯಾರೂ ಒಲೆ ಹಚ್ಚುವುದಿಲ್ಲ.