ಲಾಭ ಅನ್ನೋ ಸೇರು

ಬಾ ಚಿನ್ನೀ, ಕಾಲು ಕೌದಿಯೊಳಕ್ಕೆ ಎಳ್ಕೊ, ನಾನು ಹೇಳ್ತಾ ಹೋಗ್ತೀನಿ, ನೀನು ಹೂಂ ಅಂತಿರು. ಒಂದಾನೊಂದು ಕಾಲದಲ್ಲಿ ಒಂದು ಪಾಳೇಪಟ್ಟು, ಅದನ್ನ ಮಾದಾಜಮ್ಮ ಅನ್ನೋ ಹೆಂಗಸು ಆಳ್ತಿದ್ದಳಂತೆ. ಅಲ್ಲಿ ಎರಡು ಕೇರಿ. ಮೇಲ್ಕೇರಿಯೋರು ರಾಗಿ ಬೆಳೆಯೋರು, ಕೆಳಕೇರಿಯೋರು ಚೌಳುಮಣ್ಣಿನಿಂದ ಉಪ್ಪು ತೆಗೆಯೋರು. ಉಪ್ಪಿಲ್ಲದೆ ಇವರಿಗೆ ಸಾರಿಲ್ಲ, ರಾಗಿಯಿಲ್ಲದೆ ಅವರಿಗೆ ಮುದ್ದೆಯಿಲ್ಲ, ಆದರೂ ಹಾವು ಮುಂಗುಸಿ. ಹತ್ತು ಸೇರಿಗೆ ಹತ್ತು ಸೇರು ಅಂತ ಬದಲಾಯಿಸ್ಕೊಂಡು, ಮನೆಗೆ ತಂದು ಅಳೆದರೆ ಕೆಳಕೇರಿಗೆ ಯಾವಾಗಲೂ ಒಂದು ಸೇರು ಕಡಿಮೆ ಬೀಳ್ತಿತ್ತಂತೆ. ಮೇಲ್ಕೇರಿಯೋರು ಬಂದ ಉಪ್ಪನ್ನ ಅಳೆಯದೇ ಗಡಿಗೆಗೆ ಸುರ್ಕೊಳ್ಳೋರು. ಕಳ್ಳರು ಅಂತ ಕೆಳಕೇರಿಯೋರು, ಸುಳ್ಳರು ಅಂತ ಮೇಲ್ಕೇರಿಯೋರು.

ಮಾದಾಜಮ್ಮನ ಮೈದುನ ಕೆಂಚನಾಯಕ ಇದನ್ನೇ ಕಾಯ್ತಿದ್ದ. ಸುಗ್ಗಿಯೊಳಗೆ ಈ ಜಗಳ ಬಿಡಿಸು ಅತ್ತಿಗೆ, ಆಗಲಿಲ್ಲವಾ, ಗದ್ದಿಗೆ ನನಗೆ ಬಿಡು, ನಿನಗೆ ಬೀಸೋಕಲ್ಲು ಇದ್ದೇ ಇದೆ ಅಂದನಂತೆ. ಹಿರೀಕರೂ ತಲೆ ಆಡಿಸಿದರಂತೆ.

ಆಮೇಲೆ ಅವಳು ಕೇರಿಗಳ ನಡುವಿನ ಕಳ್ಳಿಬೇಲಿ ಕಡಿಸಿ ಒಂದೇ ಸಂತೆ ಮಾಡಿದಳಂತೆ, ಆದರೆ ಜನ ಬಂದು ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಕೂತರಂತೆ. ಆಮೇಲೆ ಎಲ್ಲರಿಗೂ ಒಂದೇ ಅಳತೆಯ ಕಬ್ಬಿಣದ ಸೇರು ಮಾಡಿಸಿ ಮುದ್ರೆ ಒತ್ತಿಸಿದಳಂತೆ, ಆಗಲೂ ಒಂದು ಸೇರು ಕಡಿಮೇನೇ. ಆಮೇಲೆ, ಸುಗ್ಗಿಗೆ ಒಂದೇ ಸಂತೆ ಉಳಿದಾಗ, ಸೆರಗು ಸೊಂಟಕ್ಕೆ ಸಿಗಿಸಿ ಸಂತೆ ನಡುವೆ ತಾನೇ ಕೂತಳಂತೆ.

ಮೇಲ್ಕೇರಿ ಗುಡ್ಡಯ್ಯ ರಾಗಿ ಅಳೆದ. ಲಾಭ, ಎರಡು, ಮೂರು... ಮೊದಲನೇದಕ್ಕೆ ಒಂದು ಅಂದರೆ ಒಂಟಿಯಾಗುತ್ತೆ ಅಂತ ಲಾಭ ಅಂತಾರಲ್ಲ, ಹಂಗೆ. ಕೆಳಕೇರಿ ಸಾಕವ್ವ ಉಪ್ಪು ಅಳೆದಳು. ಲಾಭ, ಒಂದು, ಎರಡು...

ನಿಲ್ಲವ್ವಾ, ಲಾಭ ಆದಮೇಲೆ ಒಂದು ಯಾಕೆ ಅಂದಳಂತೆ ಮಾದಾಜಮ್ಮ. ಲಾಭ ದೇವರದು ತಾಯೀ, ದೇವರದನ್ನೂ ಎಣಿಸ್ತಾರಾ ಅಂದಳಂತೆ ಸಾಕವ್ವ. ಗುಡ್ಡಯ್ಯ ಬೆರಳು ಮಡಿಸಿ ಎರಡೂ ಲೆಕ್ಕ ಎಣಿಸಿ ನೋಡಿ ಕೂಗಿದನಂತೆ, ಇವರ ಹತ್ತು ಅಂದರೆ ನಮ್ಮ ಹನ್ನೊಂದು! ಅಯ್ಯೋ, ನಮ್ಮಪ್ಪನ ಕಾಲದಿಂದ ಇವರ ಹನ್ನೊಂದು ಸೇರು ಉಪ್ಪು ತಿಂದು ಹತ್ತು ಸೇರು ರಾಗಿ ಕೊಟ್ಟು, ಇವರನ್ನೇ ಸುಳ್ಳರು ಅಂದ್ವಲ್ಲಾ! ಉಪ್ಪು ತಿಂದು ಎರಡು ಬಗೆದಂಗಾಯ್ತಲ್ಲಾ!

ಆಗ ಮಾದಾಜಮ್ಮ ಕಟ್ಟಳೆ ಮಾಡಿದಳಂತೆ. ಇನ್ನು ಇಬ್ಬರೂ ಲಾಭದ ಸೇರನ್ನ ಊರ ಕಣಜಕ್ಕೆ ಸುರೀರಿ, ಆಮೇಲೆ ಒಂದು ಅಂತ ಶುರುಮಾಡಿ. ಬಾಣಂತಿಗೆ, ಮುದುಕರಿಗೆ, ಯಾವ ಕೇರಿ ಅಂತ ಕೇಳದೆ ಕಣಜ ತೆಗೀರಿ ಅಂತ. ಸುಗ್ಗಿ ದಿನ ಆ ರಾಗಿ, ಆ ಉಪ್ಪು, ಒಂದೇ ಒಲೆ, ಒಂದೇ ಪಂಕ್ತಿ. ಕೆಂಚನಾಯಕ ಮುಖ ಗಂಟಿಕ್ಕಿಕೊಂಡೇ ಒಂದು ಮುದ್ದೆ ನುಂಗಿದನಂತೆ. ಅದು ಲಾಭದ್ದು ಮೈದುನಾ, ಲೆಕ್ಕಕ್ಕಿಲ್ಲ, ಈಗ ಒಂದು ಹಾಕಲಾ ಅಂದಳಂತೆ ಅತ್ತಿಗೆ. ಇಡೀ ಪಂಕ್ತಿ ಬಿದ್ದು ಬಿದ್ದು ನಕ್ಕಿತಂತೆ.

ಗುಡ್ಡಯ್ಯ ಬದುಕಿರೋವರೆಗೂ ಸುಗ್ಗಿಗೊಂದು ಮೂಟೆ ರಾಗಿ ಸಾಕವ್ವನ ಮನೆಗೆ ಹೊತ್ತು ಹಾಕಿದನಂತೆ. ಸಾಕವ್ವನ ಮೊಮ್ಮಗಳು ಮೇಲ್ಕೇರಿಗೆ ಸೊಸೆಯಾಗಿ ಹೋದಳಂತೆ. ಕೆಂಚನಾಯಕ ಊರ ಕಣಜದ ಕಾವಲಿಗೆ ನಿಂತು ಒಳ್ಳೆಯೋನಾದನಂತೆ. ಮಾದಾಜಮ್ಮ ತಲೆ ಹತ್ತಿಯಾಗೋವರೆಗೂ ಗದ್ದಿಗೆ ಮೇಲಿದ್ದಳಂತೆ, ಬೀಸೋಕಲ್ಲು ಮೂಲೇಲೇ ಇತ್ತಂತೆ. ಕತೆ ಅಳೆದು ಮುಗೀತು ಚಿನ್ನೀ, ಲಾಭ ನಿನಗೆ.