ಹುಲಿಗೆವ್ವ ಕೇಳದೆ ಬಿಟ್ಟ ಮಾತು

ಅವಳಿಗೊಂದು ರೂಢಿ ಇತ್ತಂತೆ. ಯಾವ ಗಾಡಿ ಬಂದು ನಿಂತರೂ ಮೊದಲು ಬಲಗೈಯ ಅಂಗೈಯನ್ನು ಸೆರಗಿಗೆ ಎರಡು ಸಲ ಒರೆಸಿಕೊಳ್ಳುವಳು. ಆಮೇಲೆ ಟೈರಿನ ಮೇಲೆ ಕೈ ಆಡಿಸುವಳು. ಹೊರಗಿನಿಂದ ಒಳಕ್ಕೆ ಒಮ್ಮೆ, ಒಳಗಿನಿಂದ ಹೊರಕ್ಕೆ ಒಮ್ಮೆ. ಮಲಗಿದ ಕೂಸಿನ ಬೆನ್ನು ಸವರುವಷ್ಟು ಮೆಲ್ಲಗೆ. ಕಣ್ಣು ಮಾತ್ರ ಟೈರಿನ ಮೇಲಿರುತ್ತಿರಲಿಲ್ಲ, ರಸ್ತೆಯಾಚೆ ಎಲ್ಲೋ ಇರುತ್ತಿತ್ತು.

ಬಹಳ ಹಿಂದಿನ ಮಾತು ಇದು. ಎಷ್ಟು ಹಿಂದೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕರಿಗುಡ್ಡ ಅಂತ ಒಂದೂರು. ಊರಿನಿಂದ ಅರ್ಧ ಮೈಲಿ ಆಚೆ ದೊಡ್ಡ ರಸ್ತೆ. ಅಲ್ಲೊಂದು ಕೈಮರ, ಕೈಮರದ ಬುಡದಲ್ಲಿ ತಗಡಿನ ಪಂಕ್ಚರ್ ಅಂಗಡಿ, ಅಂಗಡಿಯಲ್ಲಿ ಹುಲಿಗೆವ್ವ. ಅವಳ ತವರು ಚಪ್ಪಲಿ ಹೊಲಿಯುವವರ ಮನೆ. ಸವೆದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಇದರ ಧಣಿಗೆ ಎಡಮೊಣಕಾಲು ನೋವಿದೆ ಅಂತ ಅವಳಪ್ಪ ಹೇಳುತ್ತಿದ್ದನಂತೆ. ಗಂಡ ಪಂಕ್ಚರ್ ತಿದ್ದುವವನು. ಅವನು ತೀರಿಕೊಂಡ ಮೇಲೆ ಗಾಳಿಯ ಪಂಪು ಅವಳ ಕೈಗೆ ಬಂತು. ಅಪ್ಪ ಚಪ್ಪಲಿಯಲ್ಲಿ ಓದಿದ್ದನ್ನು ಮಗಳು ಟೈರಿನಲ್ಲಿ ಓದತೊಡಗಿದಳು.

ಟೈರು ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಇಷ್ಟನ್ನು ಯಾವ ಡ್ರೈವರಾದರೂ ಹೇಳುತ್ತಾನೆ. ಹುಲಿಗೆವ್ವನ ಅಂಗೈಗೆ ಅದರಾಚೆಯದು ತಿಳಿಯುತ್ತಿತ್ತು. ಹೋಗುವಾಗ ನುಣ್ಣಗೆ ಜಾರಿದ ಕೈಗೆ ಬರುವಾಗ ಬೆಕ್ಕಿನ ನಾಲಗೆಯಂತೆ ತರಿ ಹತ್ತಿತೋ, ಮುಂದಿನ ಎರಡು ಗಾಲಿ ಒಂದೇ ದಿಕ್ಕಿಗೆ ಮುಖ ಮಾಡಿಲ್ಲ ಅನ್ನುವಳು. ಅಲ್ಲೊಂದು ಇಲ್ಲೊಂದು ಗುಳಿ ಬಿದ್ದಿತ್ತೋ, ಶಾಕ್ ಅಬ್ಸಾರ್ಬರ್ ಸತ್ತಿದೆ, ಗಾಲಿ ಓಡುತ್ತಿಲ್ಲ, ಕುಣಿಯುತ್ತಿದೆ ಅನ್ನುವಳು. ಒಂದೇ ಅಂಚು ಬೋಳಾಗಿತ್ತೋ, ಆಗ ಮಾತ್ರ ಏನೂ ಅನ್ನುತ್ತಿರಲಿಲ್ಲ. ಎದ್ದು ಹೋಗಿ ಗಾಡಿಯ ಚಾವಿ ಕಿತ್ತು ಕುಪ್ಪಸದೊಳಗೆ ಇಟ್ಟುಕೊಳ್ಳುವಳು. ಗಾಲಿಯ ಬುಡ ಬಿಚ್ಚಿ ನೋಡುವ ತನಕ ಚಾವಿ ಸಿಗುತ್ತಿರಲಿಲ್ಲ.

ಒಮ್ಮೆ ಪರಊರಿನ ಡ್ರೈವರೊಬ್ಬ ಇದನ್ನು ನೋಡಿ ನಕ್ಕನಂತೆ.

"ಏನಬೇ ಯವ್ವಾ, ಟೈರ್ ಏನ ಎಮ್ಮಿ ಕೆಚ್ಚಲೇನ, ಹಿಂಗ ಸವರಾಕ?"

"ಎಮ್ಮಿಗೆ ಬಾಯಿಲ್ಲ ಅಂತ ಕೆಚ್ಚಲ ಮುಟ್ಟಿ ನೋಡ್ತೀವಪ್ಪಾ. ನಿನ್ನ ಗಾಡಿಗೂ ಬಾಯಿಲ್ಲ. ಬಾಯಿ ಎಲ್ಲಾ ನಿನಗ ಬಂದೈತಿ."

ಸುತ್ತ ನಿಂತವರು ಹೋ ಅಂತ ನಕ್ಕರು. ಅವನ ಲಾರಿಯ ಅಡಿ ಮಲಗಿ ನೋಡಿದರೆ ಸ್ಪ್ರಿಂಗ್ ಪಟ್ಟಿಗಳಲ್ಲಿ ಎರಡು ಮುರಿದು ಬರೀ ಬೋಲ್ಟಿನ ಮೇಲೆ ಕೂತಿದ್ದವಂತೆ. ಅವನು ನಗುವುದನ್ನು ಬಿಟ್ಟು ಅವಳ ಕಾಲು ಮುಟ್ಟಿದ. ಮುರಿದ ಪಟ್ಟಿ ಎರಡು ಅಂತ ಕೆಲವರು, ನಾಲ್ಕು ಅಂತ ಕೆಲವರು. ಮದುವೆಯ ಬಸ್ಸಿಗೆ ಅಡ್ಡ ಮಲಗಿ ನಲವತ್ತು ಜೀವ ಉಳಿಸಿದಳು ಅಂತಲೂ ಹೇಳುತ್ತಾರೆ. ಹೇಳುವವರ ಬಾಯಲ್ಲಿ ನಲವತ್ತು ಎಂಬತ್ತಾಗಿದೆ, ಆಗಲಿ. ಅವಳು ಎಲ್ಲರಿಗೂ ಹೇಳುತ್ತಿದ್ದುದು ಒಂದೇ ಮಾತು. ಟೈರು ಸವೆಯುವುದು ಟೈರಿನ ರೋಗವಲ್ಲ. ಚಪ್ಪಲಿ ಒಂದು ಕಡೆ ಸವೆದರೆ ಚಪ್ಪಲಿಗೆ ಬೈಯುತ್ತೀರೇನು? ಕಾಲು ನೋಡಿ ಅನ್ನುತ್ತಿದ್ದಳು.

ಹುಲಿಗೆವ್ವನಿಗೆ ಒಬ್ಬಳೇ ಮಗಳು, ಕಾಶವ್ವ. ಅಳಿಯ ದ್ಯಾಮಣ್ಣ. ಚಪ್ಪಲಿ ಹೊಲಿಯುವ ಆ ಮನೆತನಗಳಲ್ಲಿ ಮೊದಲು ಕಾರು ತಂದವನು ಅವನೇ. ಹಳೆಯ ಕಾರು, ಬಾಡಿಗೆಗೆ ಓಡಿಸುತ್ತಿದ್ದ. ಅದನ್ನು ಒರೆಸುವುದೇನು, ಕನ್ನಡಿಗೆ ಉಫ್ ಅಂತ ಊದುವುದೇನು! ಯಾರ ಅಂಗಳಕ್ಕೆ ಅವನ ಅಪ್ಪ ಕಾಲಿಡುವ ಹಾಗಿರಲಿಲ್ಲವೋ ಅವರೇ ಈಗ ಆಸ್ಪತ್ರೆಗೆ ಹೋಗಬೇಕಾದರೆ ದ್ಯಾಮಣ್ಣಾ ಬಾರಪ್ಪಾ ಅನ್ನುತ್ತಿದ್ದರು.

ಅಳಿಯನ ವಸ್ತುವಿನಲ್ಲಿ ಅತ್ತೆ ಕುಂದು ಎತ್ತಬಾರದು. ಅದು ಆ ಕಡೆಯ ರೀತಿ. ಹುಲಿಗೆವ್ವ ಒಂದು ಸಲ ಆ ರೀತಿ ಮೀರಿದಳು. ಹತ್ತು ಮಂದಿ ಡ್ರೈವರು ಚಹಾ ಕುಡಿಯುತ್ತ ನಿಂತಿದ್ದಾಗ ಅಳಿಯನ ಕಾರಿನ ಮುಂದಿನ ಎಡಗಾಲಿಯ ಮೇಲೆ ಕೈಯಾಡಿಸಿ, ಒಳಅಂಚು ಸವೆಯತೊಡಗಿದ್ದು ತಿಳಿದು, "ಅಳಿಯಂದ್ರ, ಇದನ್ನ ಒಂದ ಸಲ ಬಿಚ್ಚಿಸಿ ನೋಡ್ರಿ" ಅಂದುಬಿಟ್ಟಳು.

ಡ್ರೈವರುಗಳಿಗೆ ಅಷ್ಟೇ ಸಾಕಾಯಿತು. "ದ್ಯಾಮ್ಯಾ, ನಿಮ್ಮತ್ತಿ ಇವತ್ತ ಗಾಡಿ ನಾಡಿ ಹಿಡದಾಳ, ನಾಳೆ ನಿಂದ ಹಿಡೀತಾಳ ನೋಡಲೇ!" ಅಂದ ಒಬ್ಬ. "ನಾಡಿ ಇದ್ರ ಹಿಡೀಲಿ ಬಿಡ" ಅಂದ ಇನ್ನೊಬ್ಬ.

ದ್ಯಾಮಣ್ಣನೂ ನಕ್ಕ. ಆದರೆ ಅವತ್ತಿನಿಂದ ಕಾರನ್ನು ರಸ್ತೆಯ ಆ ಬದಿಗೇ ನಿಲ್ಲಿಸಿ ನಡೆದು ಬರತೊಡಗಿದ. ಹುಲಿಗೆವ್ವ ಅದನ್ನು ನೋಡಿದಳು. ಆಡಿದ ಮಾತನ್ನು ಬಾಯಿಗೆ ವಾಪಸ್ಸು ಹಾಕಿಕೊಳ್ಳುವಂತಿದ್ದರೆ ಅಂತ ಮರುಗಿದಳಂತೆ. ಇನ್ನು ಅಳಿಯನ ಗಾಡಿಯ ಸುದ್ದಿ ಎತ್ತಬಾರದು ಅಂತ ಅವತ್ತೇ ಮನಸ್ಸು ಮಾಡಿದಳು.

ಮಹಾನವಮಿ ಬಂತು. ಗಾಡಿಗಳನ್ನು ತೊಳೆದು, ಬಾಳೆಗಿಡ ಕಟ್ಟಿ, ಗಾಲಿಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡುವ ದಿನ. ಮಾರನೆಯ ದಿನ ಬನ್ನಿ. ಚಿಕ್ಕವರು ದೊಡ್ಡವರ ಕೈಗೆ ಬನ್ನಿ ಎಲೆ ಕೊಟ್ಟು, ಬನ್ನಿ ತಗೊಂಡು ಬಂಗಾರದಂಗ ಇರೋಣ ಅಂತ ಕಾಲಿಗೆರಗುವುದು. ಅವತ್ತು ಹೊತ್ತು ಇಳಿಯುವ ಮೊದಲು ದ್ಯಾಮಣ್ಣ ಕಾಶವ್ವನನ್ನು ಕರೆದುಕೊಂಡು ಬಂದ. ಈ ಸಲ ಕಾರನ್ನು ಆ ಬದಿಗೆ ನಿಲ್ಲಿಸಲಿಲ್ಲ. ಸೀದಾ ಅಂಗಡಿಯ ಮುಂದೆಯೇ ತಂದು ನಿಲ್ಲಿಸಿದ.

ನಾಲ್ಕಕ್ಕೆ ನಾಲ್ಕೂ ಹೊಸ ಟೈರು.

"ಅತ್ತೀ, ಈಗ ಮುಟ್ಟಿ ನೋಡ್ರಿ" ಅಂದ. ಕಣ್ಣಲ್ಲಿ ಚಿಕ್ಕ ಹುಡುಗನ ಕಣ್ಣಲ್ಲಿರುವಂಥ ಬೆಳಕು.

ಹುಲಿಗೆವ್ವ ಕೈ ಒರೆಸಿಕೊಂಡು ಮುಟ್ಟಿದಳು. ಹೊಸ ಟೈರಿನ ಮೈಮೇಲೆ ಎಳೆ ಎಳೆ ರಬ್ಬರಿನ ಮೀಸೆ ಇರುತ್ತವಲ್ಲ, ಅವು ಅಂಗೈಗೆ ಕಚಗುಳಿ ಇಟ್ಟವು. ಅಷ್ಟೇ. ಹೊಸ ಟೈರಿಗೆ ಹೇಳುವುದಕ್ಕೆ ಏನೂ ಇರುವುದಿಲ್ಲ. ಅದಿನ್ನೂ ಗಾಡಿಯ ಭಾರ ಹೊತ್ತಿಲ್ಲ, ಕಾಲಿನ ನೋವು ಉಂಡಿಲ್ಲ. ಹೇಳಬೇಕಾದರೆ ಹಳೆಯದೇ ಹೇಳಬೇಕು. ಇದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಹಳೇ ಟೈರ್ ಎಲ್ಲಿ ಅನ್ನುವ ಮಾತು ನಾಲಗೆಯ ತುದಿಗೆ ಬಂತು. ತಲೆಯೆತ್ತಿ ಅಳಿಯನ ಮುಖ ನೋಡಿದಳು. ಅವನ ಹಿಂದೆ ಮಗಳು, ಇವತ್ತೊಂದಿನ ಏನೂ ಅನ್ನಬೇಡ ಅನ್ನುವ ಹಾಗೆ ಕಣ್ಣಿನಲ್ಲೇ ಬೇಡುತ್ತಿದ್ದಳು. ಬನ್ನಿಯ ದಿನ. ಮಾತನ್ನು ನುಂಗಿಕೊಂಡಳು.

"ಛಲೋ ಅದಾವ್ರಿ ಅಳಿಯಂದ್ರ. ಏನೂ ಕೊರತಿ ಇಲ್ಲ" ಅಂದಳು.

ದ್ಯಾಮಣ್ಣ ಬನ್ನಿ ಕೊಟ್ಟು ಅವಳ ಕಾಲಿಗೆರಗಿದ. ಎದ್ದವನ ಮುಖ ಅರಳಿತ್ತು. ಅವನ ತಾಯಿಗೂ ಬನ್ನಿ ಕೊಡಬೇಕು, ಹೊತ್ತು ಮುಳುಗುವುದರೊಳಗೆ ಊರು ಸೇರಬೇಕು ಅಂತ ಇಬ್ಬರೂ ಹೊರಟರು. ಹತ್ತುವ ಮುಂಚೆ ಕಾಶವ್ವ ಕೂಗಿ ಹೇಳಿದಳು. ಗಾಳಿಗೆ ಅಂಗಡಿಯ ತಗಡು ಹಾರುತ್ತದೆ ಅನ್ನುತ್ತಿದ್ದೆಯಲ್ಲ, ಮೇಲೆ ಹೇರಲಿಕ್ಕೆ ಅಂತ ಇವರು ಹಳೆಯ ಟೈರು ಒಂದು ತಂದಿದ್ದಾರೆ, ಹಿಂದೆ ಇಟ್ಟಿದ್ದೇವೆ, ಇದ್ದುದರಲ್ಲಿ ಚೆಂದದ್ದನ್ನೇ ಆರಿಸಿ ತಂದಿದ್ದಾರೆ ಅಂತ.

ಕಾರು ಹೋಯಿತು. ಹುಲಿಗೆವ್ವ ರಸ್ತೆ ನೋಡುತ್ತ ನಿಂತಳು. ಆಮೇಲೆ ಚಹಾದ ಲೋಟ ತೊಳೆದಳು. ಆಮೇಲೆ ಅಂಗಡಿಯ ಹಿಂದೆ ಹೋದಳು.

ಹೊರಗಿನಿಂದ ನೋಡಿದರೆ ನಿಜಕ್ಕೂ ಚೆಂದದ ಟೈರು. ಹೊರಅಂಚಿನಲ್ಲಿ ಗೆರೆ ಗೆರೆ ಹಾಗೇ ಇದ್ದವು. ಎತ್ತಲಿಕ್ಕೆ ಅಂತ ಬಗ್ಗಿದಳು. ಅಂಗೈ ತಾನಾಗಿ ಹೊರಗಿನಿಂದ ಒಳಕ್ಕೆ ಹರಿಯಿತು. ಗೆರೆ, ಗೆರೆ, ಗೆರೆ, ಆಮೇಲೆ ಬೋಳು. ಒಳಅಂಚು ಪೂರಾ ತಿಂದುಹೋಗಿ ತಂತಿ ಎದ್ದು ಅವಳ ಬೆರಳಿಗೆ ಚುಚ್ಚಿತು. ಗಾಲಿಯನ್ನು ಗಾಡಿಯ ಕಾಲಿಗೆ ಹಿಡಿದಿಡುವ ಗುಂಡುಕೀಲು, ಮೇಸ್ತ್ರಿಗಳು ಬಾಲ್ ಜಾಯಿಂಟ್ ಅನ್ನುತ್ತಾರಲ್ಲ, ಅದು ಸವೆದು ಸವೆದು ಬೀಳಲಿಕ್ಕಾಗಿದೆ ಅಂತ ಆ ಟೈರು ಎಷ್ಟು ದಿನದಿಂದ ಹೇಳುತ್ತಿತ್ತೋ! ದ್ಯಾಮಣ್ಣ ಹೇಳುತ್ತಿದ್ದ ಬಾಯನ್ನು ಬಿಚ್ಚಿ ತೆಗೆದಿದ್ದ. ನೋಯುವ ಕಾಲು ಹಾಗೇ ಇತ್ತು. ಟೈರು ಹಾಕಿದ ಅಂಗಡಿಯವನು ಕೆಳಗೆ ಒಂದು ಸಲ ನೋಡೋಣ ಅಂದಿದ್ದನಂತೆ, ಹಬ್ಬ ಮುಗೀಲಿ ಅಂದಿದ್ದನಂತೆ ಇವನು. ಅದೆಲ್ಲ ಆಮೇಲೆ ತಿಳಿದ ಸುದ್ದಿ.

ಹುಲಿಗೆವ್ವ ಓಡಿದಳು. ಚಪ್ಪಲಿ ಇಲ್ಲದೆ ಎರಡು ಮೈಲಿ ಓಡಿದಳು ಅನ್ನುತ್ತಾರೆ. ಓಡುವ ಹೆಂಗಸನ್ನು ನೋಡಿ ಎರಡೂ ಕಡೆಯ ಗಾಡಿಗಳು ತಾವಾಗಿ ನಿಂತವು ಅನ್ನುತ್ತಾರೆ. ಈರುಳ್ಳಿ ಲಾರಿಯವನೊಬ್ಬ ಅವಳನ್ನು ಹತ್ತಿಸಿಕೊಂಡು, ದಾರಿಯುದ್ದಕ್ಕೂ ಹಾರ್ನ್ ಒತ್ತಿದ ಕೈ ತೆಗೆಯದೆ ಹೊಡೆದ. ಅದಂತೂ ಖರೆ ಅನ್ನುತ್ತಾರೆ.

ಮುಳ್ಳಹಳ್ಳದ ಸೇತುವೆಯ ತಿರುವಿನಲ್ಲಿ ಜನ ಸೇರಿದ್ದರು. ಕಾರು ಹಳ್ಳದಲ್ಲಿತ್ತು. ಮುಂದಿನ ಎಡಗಾಲಿ ಬುಡಸಮೇತ ಮಗುಚಿ ಮಲಗಿತ್ತು. ಟೈರಿನ ರಬ್ಬರ್ ಮೀಸೆ ಇನ್ನೂ ಉದುರಿರಲಿಲ್ಲ. ಕಾಶವ್ವನನ್ನು ಯಾರೋ ಎತ್ತಿ ದಂಡೆಯ ಕಲ್ಲಿನ ಮೇಲೆ ಕೂರಿಸಿದ್ದರು. ಅವಳ ಒಂದು ಕಾಲು ಮುರಿದಿತ್ತು. ದ್ಯಾಮಣ್ಣ ಏಳಲಿಲ್ಲ.

ಅಂದಿನಿಂದ ಆ ರಸ್ತೆಯಲ್ಲಿ ಒಂದು ರೀತಿ ಬಿದ್ದಿದೆ. ಇವತ್ತಿಗೂ ಕರಿಗುಡ್ಡದ ಸುತ್ತ ಏಳೂರಿನಲ್ಲಿ ಬನ್ನಿ ತೆಗೆದುಕೊಳ್ಳುವ ಮುಂಚೆ ದೊಡ್ಡವರು ಚಿಕ್ಕವರನ್ನು ಕೇಳುತ್ತಾರೆ: "ಹಳೇ ಟೈರ್ ಎಲ್ಲಿ ಐತಿ?" ಅತ್ತೆ ಅಳಿಯನನ್ನೂ ಕೇಳುತ್ತಾಳೆ, ಅಳಿಯ ಮುಖ ಗಂಟು ಹಾಕುವ ಹಾಗಿಲ್ಲ. ಹೊಸ ಟೈರು ಹಾಕಿಸಿದವನು ಹಳೆಯದನ್ನು ಕೈಮರದ ಬುಡಕ್ಕೆ ತಂದು ಮಲಗಿಸುತ್ತಾನೆ, ಹಿರಿಯ ಡ್ರೈವರೊಬ್ಬ ಮುಟ್ಟಿ ನೋಡುತ್ತಾನೆ, ಆಮೇಲೇ ಎಲೆ ಕೈಗೆ. ಗಾಡಿ ಇಲ್ಲದವರೂ ಕೇಳುತ್ತಾರೆ. ಸೈಕಲ್ಲಿನವನನ್ನೂ ಕೇಳುತ್ತಾರೆ. ಎತ್ತಿನ ಗಾಡಿಯವನನ್ನು ಕೇಳಿದರೆ ಅವನೂ ನಗದೆ, ಇಲ್ರಿ, ಹಳೇ ಗಾಲಿನ ಐತ್ರಿ ಅಂತ ಉತ್ತರ ಕೊಡುತ್ತಾನೆ.

ಹುಲಿಗೆವ್ವ ಮಾತ್ರ ಆಮೇಲೆ ಯಾವ ಟೈರನ್ನೂ ಮುಟ್ಟಲಿಲ್ಲವಂತೆ. ಕಾಶವ್ವ ಅವಳ ಮನೆಗೇ ಬಂದಳು. ಕುಂಟುತ್ತ ನೀರು ತಂದಳು, ರೊಟ್ಟಿ ಬಡಿದಳು, ತಾಯಿಗೆ ಉಣಬಡಿಸಿದಳು. ಒಂದು ದಿನ ತಾಯಿ ಎಲ್ಲವನ್ನೂ ಬಾಯಿಬಿಟ್ಟು ಹೇಳಿದಳು. ಕೇಳಬೇಕು ಅಂತ ನಾಲಗೆಗೆ ಬಂದದ್ದು, ಅವನ ಮುಖ ನೋಡಿ ನುಂಗಿಕೊಂಡದ್ದು. ಬೇಡ ಅಂತ ಮಗಳು ಕಣ್ಣಿನಲ್ಲಿ ಬೇಡಿದ್ದನ್ನು ಮಾತ್ರ ಹೇಳಲಿಲ್ಲ. ಕಾಶವ್ವ ಕೇಳಿಸಿಕೊಂಡಳು. ಅಳಲಿಲ್ಲ, ಬೈಯಲೂ ಇಲ್ಲ.

ವರ್ಷ ವರ್ಷ ಬನ್ನಿಯ ಸಂಜೆ, ಒಲೆಯ ಮುಂದೆ ಕೂತ ಮಗಳ ಹತ್ತಿರ ಹುಲಿಗೆವ್ವ ಎಲೆ ಹಿಡಿದು ಹೋಗುತ್ತಿದ್ದಳಂತೆ. ತಾನು ದೊಡ್ಡವಳಾಗಿದ್ದೂ ಚಿಕ್ಕವಳಿಗೆ ಮೊದಲು ಎಲೆ ಒಡ್ಡುತ್ತಿದ್ದಳಂತೆ.

"ಒಂದ ಮಾತ ಬೈಯಬೇ ನನ್ನ, ಕಾಶವ್ವಾ. ನಿನ್ನ ಕಾಲಿಗೆ ಬೀಳ್ತೀನಿ. ಒಂದ ಮಾತ."

ಕಾಶವ್ವ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕುತ್ತಿದ್ದಳು.