ಔಟಾಗದ ನಾಯಕ

ಕಾಡುನಾಡಿನ ಕ್ರಿಕೆಟ್ ತಂಡಕ್ಕೆ ಚಿಪ್ಪುಹಂದಿ ನಾಯಕ. ಏಕದಿನ ಪಂದ್ಯಗಳಲ್ಲೂ ಅದರ ತಂತ್ರ ಒಂದೇ: ಮೊದಲು ವಿಕೆಟ್ ಉಳಿಯಬೇಕು, ರನ್ ಆಮೇಲೆ. ಚೆಂಡು ಹತ್ತಿರ ಬಂದರೆ ಬ್ಯಾಟನ್ನು ಅಡ್ಡ ಹಿಡಿದು ಮೈ ಮುದುಡಿಕೊಳ್ಳುತ್ತಿತ್ತು. ಬಯಲುನಾಡಿನ ಎದುರು ಅದು ಕೊನೆಯವರೆಗೂ ಔಟಾಗದೆ ಉಳಿಯಿತು; ತಂಡ ಸೋತಿತು.

"ನನ್ನನ್ನು ಔಟ್ ಮಾಡಲು ಅವರಿಂದ ಆಗಲಿಲ್ಲ," ಎಂದಿತು ಚಿಪ್ಪುಹಂದಿ, ಪ್ಯಾಡ್ ಬಿಚ್ಚುತ್ತಾ.

"ನಿಜ, ನಾಯಕರೆ," ಎಂದಿತು ಮುಂಗುಸಿ. "ಅರ್ಧ ತಂಡ ಪ್ಯಾಡ್ ಕಟ್ಟಿಕೊಂಡು ಹೊರಗೇ ಕೂತಿದ್ದೆವು. ನಮ್ಮನ್ನೂ ಯಾರೂ ಔಟ್ ಮಾಡಲಿಲ್ಲ."

ಚಿಪ್ಪುಹಂದಿ ಸಿಟ್ಟಿನಿಂದ ಸುತ್ತ ನೋಡಿತು. ಹೊರಗೆ ಕೂತಿದ್ದ ಆಟಗಾರರ ಬ್ಯಾಟುಗಳ ಮೇಲೆ ಚೆಂಡಿನ ಒಂದು ಗುರುತೂ ಇರಲಿಲ್ಲ. ಅದು ಪ್ಯಾಡ್ ಎತ್ತಿಕೊಂಡು ಹೊರಟುಹೋಯಿತು.

ಮುಂದಿನ ಪಂದ್ಯ ಸೋತರೆ ವಿಶ್ವಕಪ್ಪಿಗೆ ಪ್ರವೇಶವಿರಲಿಲ್ಲ. ಮೊದಲ ಚೆಂಡು ಎದೆಮಟ್ಟಕ್ಕೆ ಪುಟಿದು ಬಂದಾಗ ಚಿಪ್ಪುಹಂದಿಯ ಬೆನ್ನು ತಾನಾಗಿಯೇ ಬಾಗತೊಡಗಿತು. ಅದು ಉಸಿರು ಬಿಗಿಹಿಡಿದು ನೆಟ್ಟಗೆ ನಿಂತು ಬೀಸಿತು. ಚೆಂಡು ಬೌಂಡರಿ ದಾಟಿತು. ಮತ್ತೊಂದು ಚೆಂಡು ಚಿಪ್ಪಿಲ್ಲದ ಹೊಟ್ಟೆಗೇ ಬಡಿಯಿತು. ಆದರೂ ಅದು ಮುದುಡಲಿಲ್ಲ. ಬೇಗಬೇಗ ರನ್ ಕೂಡಿಸಿ, ಇನ್ನೊಂದು ದೊಡ್ಡ ಹೊಡೆತಕ್ಕೆ ಹೋಗಿ ಕ್ಯಾಚ್ ಕೊಟ್ಟಿತು.

ಮುಂಗುಸಿ ಬ್ಯಾಟ್ ಹಿಡಿದು ಎದುರಾಯಿತು. "ಔಟಾದಿರಲ್ಲ, ನಾಯಕರೆ."

"ಆದೆ. ಪೆಟ್ಟೂ ಬಿತ್ತು," ಎಂದಿತು ಚಿಪ್ಪುಹಂದಿ. "ಓವರುಗಳು ಇನ್ನೂ ಬೇಕಾದಷ್ಟಿವೆ. ಹೋಗು, ಹೊಡೆ."

ಸಂಜೆ ಕಾಡುನಾಡು ಗೆದ್ದಾಗ ಆಡುತ್ತಿದ್ದದ್ದು ಕೊನೆಯ ಜೋಡಿ. ಚಿಪ್ಪುಹಂದಿ ಹೊಟ್ಟೆಯ ನೋವು ಮರೆತು, ಗಡಿಗೆರೆಯ ಬಳಿ ನೆಟ್ಟಗೆ ನಿಂತು ಚಪ್ಪಾಳೆ ತಟ್ಟುತ್ತಿತ್ತು.